ಹೊಳೆಯನ್ನು ಕಳಿಸಿಕೊಡುವ ಬಗೆ

ಹೋದ ವಾರ ನಮ್ಮ ಮನೆಯ ಮಾಳಿಗೆಯ ಮೇಲಿನ ನೀರಿನ ಟಾಕಿ ಸೋರತೊಡಗಿತು. ನಳ ರಿಪೇರಿಯವನು ಬಂದ, ಅರ್ಧ ದಿನ ಬಡಿದ, ಚಹಾ ಕುಡಿದ, ಹೊರಟ. ನಾನು ಬಾಗಿಲ ತನಕ ಹೋಗಿ ರೂಢಿಯಂತೆ, "ಹೋಗಿ ಬಾರಪಾ" ಎಂದೆ. ಒಳಗೆ ಪತ್ರಿಕೆ ಓದುತ್ತಿದ್ದ ನಮ್ಮ ಯಜಮಾನರು ಕನ್ನಡಕ ಏರಿಸಿ, ಅವನು ಮತ್ತೆ ಬರಬೇಕೆಂದರೆ ಟಾಕಿ ಮತ್ತೆ ಸೋರಬೇಕು, ಅದನ್ನು ಬಾಯಿಬಿಟ್ಟು ಯಾಕೆ ಬೇಡಿಕೊಳ್ಳುತ್ತೀ ಎಂದು ಕೇಳಿದರು. ಟಾಕಿ ಮತ್ತೆ ಸೋರಿತು. ಅವರ ಮುಖದ ಮೇಲಿನ ಗೆಲುವನ್ನು ಸಹಿಸಿಕೊಂಡೇ ನಾನು ಇದನ್ನು ಬರೆಯಲು ಕುಳಿತಿದ್ದೇನೆ.

ನನ್ನ ನಾಲಿಗೆಯ ಈ ರೋಗ ಹಳೆಯದು. ಒಮ್ಮೆ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಹೊಟ್ಟೆನೋವಿಗೆ ಮಲಗಿದ್ದೆ. ವಾಸಿಯಾಗಿ ಹೊರಡುವಾಗ ಡಾಕ್ಟರಿಗೆ ಕೈಮುಗಿದು, "ಬರ್ತೇನ್ರಿ" ಎಂದೆ. ಅವರು ಮೈಸೂರಿನ ಕಡೆಯವರು. ಗಾಬರಿಯಾಗಿ, ದಯವಿಟ್ಟು ಬರಬೇಡಿ ಎಂದರು.

ಏನು ಮಾಡಲಿ ಹೇಳಿ. ನಮ್ಮ ಕಡೆ ಹೊರಡುವವರು 'ಹೋಗ್ತೇನಿ' ಎನ್ನುವುದಿಲ್ಲ, ಕಳಿಸುವವರು 'ಹೋಗು' ಎನ್ನುವುದಿಲ್ಲ. ಹೋಗು ಎಂದರೆ ಮತ್ತೆ ಬರಬೇಡ ಎಂದೇ ಅರ್ಥ. ನಾಯಿಗೆ ಕೂಡ ಹಚಾ ಎಂದು ಹೇಳಿ ಮರ್ಯಾದೆ ಉಳಿಸುತ್ತೇವೆ. ಇಷ್ಟು ಸೌಜನ್ಯದ ಮಾತಿನಿಂದಾಗಿ ಒಂದು ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಹತ್ತಿತು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ತಲೆಯ ಮೇಲೂ ಒಂದು ಗಂಟಿತ್ತು.

ನಮ್ಮೂರು ಮಲಪ್ರಭೆಯ ದಂಡೆಯ ಮೇಲಿತ್ತು. ಐಹೊಳೆಗೂ ಕಮತಗಿಗೂ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ, ಸಾಕು. ಬೇಸಿಗೆಯಲ್ಲಿ ಅಲ್ಲಿಗೆ ಬಂದರೆ ಹೊಳೆ ಎಲ್ಲಿದೆ ಎಂದು ನೀವೇ ಕೇಳುತ್ತೀರಿ. ಮರಳಿನಲ್ಲಿ ವರತೆ ತೋಡಿ, ಬಟ್ಟಲಿನಿಂದ ಗೋರಿ ಗೋರಿ ಒಂದು ಕೊಡ ತುಂಬಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಅದೇ ಹೊಳೆ ಶ್ರಾವಣದಲ್ಲಿ ಕೆಂಪಗೆ, ದಂಡೆಯಿಂದ ದಂಡೆಗೆ ತುಂಬಿ ಬರುತ್ತಿತ್ತು. ಅದಕ್ಕೆ ಪ್ರವಾಹ ಎನ್ನುವ ಹೆಸರಿದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಹೊಳಿ ಬಂತು, ಅಷ್ಟೇ. ಒಮ್ಮೆ ಹುನಗುಂದದ ಕಡೆಯಿಂದ ಪ್ಯಾಂಟು ಮಡಚಿಕೊಂಡು, ಬೂಟು ಕೈಯಲ್ಲಿ ಹಿಡಿದುಕೊಂಡು ಬಂದ ಸಾಹೇಬರೊಬ್ಬರು ಇಲ್ಲಿ ಪ್ರವಾಹ ಬಂದಿದೆಯೇ ಎಂದು ಕೇಳಿದರು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ನಮ್ಮ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಇಲ್ರಿ, ಅಂಥಾವ್ರು ಯಾರೂ ಬಂದಿಲ್ರಿ. ಹೊಳಿ ಬಂದೈತಿ" ಎಂದರು. ಸಾಹೇಬರು ಏನೆಂದು ಬರೆದುಕೊಂಡು ಹೋದರೋ ದೇವರಿಗೇ ಗೊತ್ತು.

ದಂಡೆಯಲ್ಲಿ ಒಂದು ಹಳೆಯ ಈಶ್ವರನ ಗುಡಿ, ಗುಡಿಯ ಮುಂದಿನ ಕಟ್ಟೆಯ ಮೇಲೆ ಕಲ್ಲಿನ ಬಸವಣ್ಣ. ಹೊಳೆ ಎಷ್ಟು ಬಂದಿದೆ ಎಂದು ತಿಳಿಯಲು ನಮ್ಮೂರಿಗೆ ಬೇರೆ ಅಳತೆಗೋಲು ಬೇಕಿರಲಿಲ್ಲ. ನೀರು ಬಸವಣ್ಣನ ಗೊರಸು ಮುಟ್ಟಿದರೆ ಸಾಲಿಗೆ ಸೂಟಿ. ಮಡಿಚಿದ ಮೊಣಕಾಲು ಮುಟ್ಟಿದರೆ ದನಕರು ಮಡ್ಡಿಗೆ. ಗಂಗೆದೊಗಲು ಮುಟ್ಟಿದರೆ ಕಾಳುಕಡಿಯೂ ಮಡ್ಡಿಗೆ. ಕಿವಿ ಮುಟ್ಟಿತೋ, ಮನುಷ್ಯ ಮಾತ್ರರೆಲ್ಲ ಮಡ್ಡಿಗೆ. ಮಡ್ಡಿ ಎಂದರೆ ಊರ ಹಿಂದಿನ ಕಲ್ಲುದಿಬ್ಬ. ಅಲ್ಲಿ ಜಾಲಿಗಿಡ ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಎತ್ತಿನ ಕೊರಳಿನ ಜೋಲುತೊಗಲಿಗೆ ಗಂಗೆದೊಗಲು ಎಂದು ಹೆಸರಿಟ್ಟವನು ನಮ್ಮೂರಿನವನೇ ಇರಬೇಕೆಂದು ನಾನು ಬಹಳ ವರ್ಷ ನಂಬಿದ್ದೆ.

ಈ ಎಲ್ಲ ಹೊಳೆಗಳ ಲೆಕ್ಕ ಇಟ್ಟವನು ನೆರೆಮನೆಯ ಸಂಗಪ್ಪಜ್ಜ. ಅವನಿಗೆ ಇಸವಿಗಳು ಬರುತ್ತಿರಲಿಲ್ಲ, ಹೊಳೆಗಳು ಬರುತ್ತಿದ್ದವು. ಅವನ ಮದುವೆ ಗೊರಸು ತೊಳೆದ ಹೊಳೆಯಲ್ಲಿ, ನಮ್ಮಪ್ಪ ಹುಟ್ಟಿದ್ದು ಗೌಡರ ಕಪಾಟು ತೇಲಿದ ಹೊಳೆಯಲ್ಲಿ. ಕೋಡು ಮುಳುಗಿದ ಹೊಳೆ ಎಂಬುದೊಂದಿತ್ತು. ಅದರ ಮಾತು ಬಂದರೆ ಅಜ್ಜ ಎದ್ದು ಹೋಗುತ್ತಿದ್ದ. ಕೆಳಗಿನ ಓಣಿ ಪೂರ್ತಿ ಕುಸಿದು, ಅವನ ಅಣ್ಣನನ್ನೂ ನೀರು ಒಯ್ದದ್ದು ಆಗಲೇ ಎಂದು ದೊಡ್ಡವರು ಹೇಳುತ್ತಿದ್ದರು. ನಾನು ಹುಟ್ಟಿದ್ದು ಕಿವಿಯ ಹೊಳೆಯಲ್ಲಿ, ಮಡ್ಡಿಯ ಮೇಲೆ, ಒಂದು ಚಕ್ಕಡಿಯ ಕೆಳಗೆ. ಹಾಗಾಗಿ ಗಂಗಾ ಎಂದು ಹೆಸರಿಟ್ಟರು. ಹೆಸರಿಗೆ ತಕ್ಕಂತೆ ಏಳೆಂಟು ವರ್ಷ ನನ್ನ ಮೂಗು ಹರಿಯುತ್ತಲೇ ಇತ್ತು.

ಸುಳ್ಳೇಕೆ ಹೇಳಲಿ, ಹೊಳೆ ಬಂತೆಂದರೆ ನಮಗೆ ಸಂಭ್ರಮವೋ ಸಂಭ್ರಮ. ಬೆಳಿಗ್ಗೆ ಕಣ್ಣುಜ್ಜಿಕೊಂಡು ಓಡಿ ಹೋಗಿ ಬಸವಣ್ಣನನ್ನು ನೋಡುವುದೇ ನೋಡುವುದು. ಗೊರಸು ಒದ್ದೆಯಾಗಿದ್ದರೆ ಮಾಸ್ತರರ ಮುಖ ಅವತ್ತು ನೋಡಬೇಕಿಲ್ಲ. ಬಾದಾಮಿಯ ಕಡೆಯಿಂದ ಏನೇನು ತೇಲಿ ಬರುತ್ತಿದ್ದವು ಅಂತೀರಿ. ಕುಂಬಳಕಾಯಿ, ಬಾಗಿಲ ಚೌಕಟ್ಟು, ಹೊರಸು, ಒಂದು ಸಲ ಇಡೀ ಬಣವೆ. ಆ ಬಣವೆಯ ಮೇಲೆ ಒಂದು ಹೋತ ಜಹಗೀರದಾರನ ಹಾಗೆ ನಿಂತುಕೊಂಡು, ದಂಡೆಯ ಮೇಲಿನ ನಮ್ಮನ್ನೆಲ್ಲ ನೋಡುತ್ತಾ ಹೋಯಿತು. ಈಜು ಬಲ್ಲವರು ಸೋರೆಬುರುಡೆ ಕಟ್ಟಿಕೊಂಡು ಹಾರಿ ಅದನ್ನು ಎಳೆದು ತಂದರು. ಹೊಳೆಯ ಯಾವ ಗುಟ್ಟಾದರೂ ನನಗೆ ಗೊತ್ತೆಂದು ನಾನು ಗೆಳತಿಯರ ಮುಂದೆ ಬಡಾಯಿ ಕೊಚ್ಚುತ್ತಿದ್ದೆ. ಈಜಲು ಮಾತ್ರ ಇವತ್ತಿಗೂ ಬರುವುದಿಲ್ಲ.

ನಾನು ಹೇಳುವ ಹೊಳೆ ಎಪ್ಪತ್ತರ ದಶಕದ ಕೊನೆಯದು. ನಾನಾಗ ಐದನೇ ಇಯತ್ತೆ. ನಮ್ಮ ಮನೆಯ ಹಿರಿಯಳು ಆಯಿ, ಅಂದರೆ ಅಪ್ಪನ ತಾಯಿ. ಕಚ್ಚೆ ಬಿಗಿದು ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ, ಕುಂಕುಮ ಹಚ್ಚಿಕೊಂಡು ಅವಳು ಪಡಸಾಲೆಯಲ್ಲಿ ಕುಳಿತರೆ ನಮ್ಮ ಸ್ವಂತ ಅಜ್ಜನಿರಲಿ, ಬೆಕ್ಕು ಕೂಡ ಸುತ್ತು ಹಾಕಿ ಹೋಗುತ್ತಿತ್ತು. ರೀತಿ ರಿವಾಜು ಎಂದರೆ ಅವಳಿಗೆ ಪ್ರಾಣ. ಅವಳ ಕಿರಿಯ ಮಗಳು ಶಾಂತತ್ತಿ. ಹಿಂದಿನ ವರ್ಷವಷ್ಟೇ ಹೊಳೆಯ ಆಚೆ ದಂಡೆಯ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕಲ್ಲ, ಅತ್ತಿ ಬಂದಿದ್ದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಡಬ್ಬಿಗಳಲ್ಲಿ ಶೇಂಗಾದುಂಡಿ, ಎಳ್ಳುಂಡಿ ತುಂಬಿದ್ದವು. ಪಂಚಮಿಯ ಮರುದಿನವೇ ಹೊಳೆಯೂ ಬಂತು.

"ಇಬ್ಬರೂ ಹೆಣ್ಣುಮಕ್ಕಳು ಬಂದ್ರು ನೋಡ" ಎಂದು ಆಯಿ ಹಿಗ್ಗಿದಳು. ಅವಳ ಪ್ರಕಾರ ಹೊಳೆ ನಮ್ಮೂರ ಮಗಳು. ಸಂಗಪ್ಪಜ್ಜ ಸುಮ್ಮನಿರುವವನಲ್ಲ. ಹೊಳೆ ಹುಟ್ಟಿದ್ದು ಅಲ್ಲೆಲ್ಲೋ ಕಣಕುಂಬಿಯಲ್ಲಿ, ನಮ್ಮೂರು ಅವಳಿಗೆ ತವರು ಹೇಗಾಯಿತು ಎಂದು ಕೆಣಕಿದ. ಹುಟ್ಟಿದ್ದು ಎಲ್ಲೇ ಇರಲಿ, ಪಂಚಮಿಗೆ ಬರುವುದು ಇಲ್ಲಿಗೇ ತಾನೇ ಎಂದು ಆಯಿ ಬಾಯಿ ಮುಚ್ಚಿಸಿದಳು.

ಅತ್ತಿ ಮತ್ತು ನಾನು ಒಂದೇ ಕೌದಿಯ ಮೇಲೆ ಮಲಗುತ್ತಿದ್ದೆವು. ಮದುವೆಗೆ ಮುಂಚೆ ಅವಳಂಥ ಗಲಾಟೆಯ ಹುಡುಗಿ ಊರಲ್ಲಿರಲಿಲ್ಲ. ಜೋಕಾಲಿ ಜೀಕಿದರೆ ಬೇವಿನ ತುದಿ ಮುಟ್ಟಬೇಕು, ರೊಟ್ಟಿಗೆ ಕುಳಿತರೆ ಬುಟ್ಟಿಯ ತಳ ಕಾಣಬೇಕು. ಈ ಸಲ ಜೋಕಾಲಿಯೇನೋ ಜೀಕಿದಳು, ಊಟಕ್ಕೆ ಕುಳಿತರೆ ಮಾತ್ರ ಎರಡನೇ ರೊಟ್ಟಿಗೆ ಕೈ ಚಾಚುತ್ತಿರಲಿಲ್ಲ. ನಮ್ಮವ್ವ ನಾಲ್ಕು ಸಲ ಒತ್ತಾಯ ಮಾಡಿದ ಮೇಲೆ ಇಸಿದುಕೊಂಡು, ತಿಂದಳೋ ಇಲ್ಲವೋ ಎಂದು ನೋಡುವಷ್ಟರಲ್ಲಿ ರೊಟ್ಟಿ ಮಾಯ. ಗಂಡನ ಮನೆಗೆ ಹೋಗಿ ಮಗಳು ಗಂಭೀರವಾಗಿದ್ದಾಳೆ ಎಂದು ಆಯಿ ಮೆಚ್ಚಿಕೊಂಡಳು. ಬೆಳಿಗ್ಗೆ ಎದ್ದ ಕೂಡಲೇ ನನಗಿಂತ ಮೊದಲು ಬಸವಣ್ಣನ ಹತ್ತಿರ ಓಡುತ್ತಿದ್ದವಳೂ ಅತ್ತಿಯೇ. ನೀರು ಏರಿದ್ದರೆ ನನ್ನ ಕೈ ಹಿಡಿದು ಕುಣಿಯುತ್ತಿದ್ದಳು. ಸಾಲಿಯ ಕಾಟವಿಲ್ಲದ ಇವಳೇಕೆ ಕುಣಿಯುತ್ತಾಳೆ ಎಂದು ನನಗೆ ಸೋಜಿಗ. ಆದರೆ ಕುಣಿಯಲು ಜೊತೆಯಿರುವಾಗ ಕಾರಣ ಯಾರು ಕೇಳುತ್ತಾರೆ.

ಕೆಲವು ದಿನ ಗೊರಸಿನ ಹತ್ತಿರವೇ ಆಡಿಕೊಂಡಿದ್ದ ನೀರು ಒಂದು ದಿನ ಇಳಿಯತೊಡಗಿತು. ಇಳಿಯುವ ಹೊಳೆಗೆ ಉಡಿ ತುಂಬಿ ಕಳಿಸಬೇಕು. ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಇಟ್ಟು ಕಳಿಸುತ್ತೇವಲ್ಲ, ಹಾಗೆಯೇ. ಆ ಕೆಲಸ ಊರಿನ ಹಿರಿಯ ಮುತ್ತೈದೆಯಾದ ನಮ್ಮ ಆಯಿಯದು. ಗುಳೇದಗುಡ್ಡದ ಹಸಿರು ಖಣ, ಬಳೆ, ಉತ್ತತ್ತಿ, ಬೆಲ್ಲ ಎಲ್ಲ ಮೊರದಲ್ಲಿ ಇಟ್ಟುಕೊಂಡು ಅವಳು ಮುಂದೆ, ಹೆಂಗಸರೆಲ್ಲ ಹಿಂದೆ. ನೀರಿಗೆ ಕುಂಕುಮ ಹಚ್ಚಲು ನೋಡಿ, ಅದು ಹರಿದುಹೋಗಿ, ಕೊನೆಗೆ ಚಿಮುಕಿಸಿ, ಆಯಿ ಉಡಿ ಒಪ್ಪಿಸಿದಳು. "ಹೋಗಿ ಬಾರವ್ವ, ನನ್ನ ತಾಯಿ" ಎಂದಳು. ಅವಳ ಹಿಂದೆಯೇ ನಿಂತಿದ್ದ ಶಾಂತತ್ತಿ ಮೆಲ್ಲಗೆ, "ಲಗೂ ಬಾ" ಎಂದದ್ದು ನನಗೊಬ್ಬಳಿಗೇ ಕೇಳಿಸಿತು.

ಮರುದಿನ ಸೋರೆಬುರುಡೆ ಕಟ್ಟಿಕೊಂಡು ಈಜಿ ಬಂದ ಒಬ್ಬನ ಬಾಯಲ್ಲಿ ಆಚೆ ದಂಡೆಯಿಂದ ಸುದ್ದಿ ಬಂತು. ಹರಗೋಲು ಹಾಕಲು ಆಗುವಷ್ಟು ನೀರು ಇಳಿದ ಕೂಡಲೇ ಮಾವ, ಅಂದರೆ ಶಾಂತತ್ತಿಯ ಗಂಡ, ಕರೆಯಲು ಬರುತ್ತಾರೆ. ಮನೆಯಲ್ಲಿ ಬುತ್ತಿಯ ಸಡಗರ ಎದ್ದಿತು. ಅತ್ತಿ ಜೋಕಾಲಿಯ ಮೇಲೆ ಕುಳಿತಳು, ಆದರೆ ಜೀಕಲಿಲ್ಲ.

ಅಷ್ಟರಲ್ಲಿ ಮೇಲೆ ಘಟ್ಟದ ಕಡೆ ಮಳೆ ಹೊಡೆದು ಆಣೆಕಟ್ಟು ತುಂಬಿದೆ, ನೀರು ಬಿಟ್ಟಿದ್ದಾರೆ ಎಂದು ಕಮತಗಿಯ ಸಂತೆಯಿಂದ ಬಂದವರು ಹೇಳಿದರು. ಸಂತೆಯ ಸುದ್ದಿಗಿಂತ ನೀರು ಚುರುಕು. ಬೆಳಗಾಗುವುದರೊಳಗೆ ಬಸವಣ್ಣನ ಮೊಣಕಾಲು ಕಾಣಲಿಲ್ಲ. ಹೊತ್ತು ಏರುವಷ್ಟರಲ್ಲಿ ಗಂಗೆದೊಗಲು. ಊರೆಲ್ಲ ಒಮ್ಮೆಲೇ ಎದ್ದು ನಿಂತಿತು. ಜೋಳದ ಚೀಲಗಳನ್ನು ಎತ್ತುವವರು, ಎಮ್ಮೆ ಹೊಡೆಯುವವರು, ಕೋಳಿಯ ಹಿಂದೆ ಓಡುವವರು. ಅಪ್ಪ ಚಕ್ಕಡಿ ಹೂಡಿದ. ನಮ್ಮವ್ವ ಒಲೆಯ ಮೇಲಿನ ಸಾರನ್ನು ಗಡಿಗೆ ಸಮೇತ ಹೊತ್ತುಕೊಂಡು ಬಂದಳು. ನನ್ನ ತಲೆಯ ಮೇಲೆ ಉಂಡಿಯ ಡಬ್ಬಿಗಳ ಗಂಟು ಬಂತು. ಅದು ತೂಕದಲ್ಲಿ ಕಡಿಮೆಯಾಗುತ್ತ ಮಡ್ಡಿ ತಲುಪಿತು, ಹೇಗೆ ಎಂದು ಕೇಳಬೇಡಿ. ಸಂಗಪ್ಪಜ್ಜ ಮಾತ್ರ ಬಸವಣ್ಣನ ಹತ್ತಿರ ನಿಂತುಬಿಟ್ಟಿದ್ದ. ನೀರು ಕಿವಿ ಮುಟ್ಟಿದ್ದನ್ನು ನೋಡಿ, ಕೋಡನ್ನು ಒಮ್ಮೆ ಕೈಯಿಂದ ಸವರಿ, ಎದೆಯುದ್ದ ನೀರಿನಲ್ಲಿ ನಡೆದು ಕಟ್ಟಕಡೆಗೆ ಮೇಲೆ ಬಂದ.

ಮಡ್ಡಿಯ ಮೇಲಿಂದ ನೋಡಿದರೆ ಅಬ್ಬಾ, ಊರು ಕೆರೆಯೊಳಗೆ ಕುಳಿತಿತ್ತು. ಕೆಳಗಿನ ಓಣಿಯ ಮಣ್ಣಿನ ಗೋಡೆಗಳು ಒಂದೊಂದಾಗಿ ಧೊಪ್ಪೆಂದು ಬೀಳುತ್ತಿದ್ದವು. ಪ್ರತಿ ಸಲ ಬಿದ್ದಾಗಲೂ ಅದು ಯಾರ ಮನೆಯೆಂದು ಯಾರೋ ಒಬ್ಬರು ಹೇಳುತ್ತಿದ್ದರು, ಆ ಮನೆಯವರು ಸುಮ್ಮನೆ ಕುಳಿತಿರುತ್ತಿದ್ದರು. ಆದರೂ ಒಂದು ಜೀವ ಹೋಗಿರಲಿಲ್ಲ, ಕರು ಕೂಡ ತಪ್ಪಿರಲಿಲ್ಲ. ಆ ಧೈರ್ಯದ ಮೇಲೆ, ಜೀವ ಉಳಿದ ಖುಷಿಯ ಮೇಲೆ, ಊರಿಗೆ ಊರೇ ನಮ್ಮ ಆಯಿಯ ಮೇಲೆ ಮುಗಿಬಿದ್ದಿತು.

ಶುರು ಮಾಡಿದ್ದು ಸಂಗಪ್ಪಜ್ಜ. "ನೀಲವ್ವ, ಹೋಗೂ ಹೊಳಿನ್ನ ಯಾರರ ಬಾ ಅಂತಾರೇನು?" ಎಂದ. ಅಲ್ಲಿಂದ ಜಾಲಿಗಿಡದ ಬುಡದಲ್ಲಿ ಅದೆಂಥ ವ್ಯಾಕರಣದ ಚರ್ಚೆ ನಡೆಯಿತು ಅಂತೀರಿ, ಪಂಡಿತರು ನಾಚಬೇಕು. ಹೋಗಿ ಬಾ ಎಂದಿದ್ದಕ್ಕೇ ಹೊಳೆ ಹೋಗಿ ಬಂದಿದ್ದಾಳೆ, ಅವಳದೇನೂ ತಪ್ಪಿಲ್ಲ ಎಂದರು ಕೆಲವರು. ಹಾಗಾದರೆ ಇನ್ನು ಮುಂದೆ 'ಹೋಗಿ ಮುಂದಿನ ವರ್ಷ ಬಾ' ಎನ್ನಬೇಕು ಎಂದ ಒಬ್ಬ. ಮುಂದಿನ ವರ್ಷ ಇಷ್ಟೇ ಬಂದರೆ ಏನು ಗತಿ, 'ಹೋಗಿ ಸ್ವಲ್ಪೇ ಬಾ' ಎನ್ನಬೇಕು ಎಂದ ಇನ್ನೊಬ್ಬ. ಸ್ವಲ್ಪವೇ ಬಂದರೆ ಹಿಂಗಾರಿ ಜೋಳಕ್ಕೆ ಹಸಿ ಎಲ್ಲಿಂದ ಬರುತ್ತದೆ ಎಂದು ಹೊಲ ಇದ್ದವರು ಜಗಳಕ್ಕೆ ನಿಂತರು. ಕೊನೆಗೆ ಎಲ್ಲರೂ ಸೇರಿ, ಈ ಸಲ ಉಡಿ ತುಂಬುವಾಗ ಹೋಗು ಎಂದಷ್ಟೇ ಹೇಳಬೇಕು ಎಂದು ತೀರ್ಮಾನ ಮಾಡಿದರು.

ಆಯಿ ಜಗ್ಗಲಿಲ್ಲ. "ಹೆಣ್ಣುಮಗಳಿಗೆ ಹೋಗು ಅಂತ ಯಾವ ಬಾಯಿಲೆ ಅನ್ನಲಿ?" ಎಂದು ಎದ್ದವಳೇ, ಕೆಲಸವಿದ್ದವಳಂತೆ ಚಕ್ಕಡಿಯಿಂದ ಹಾಸಿಗೆ ಇಳಿಸತೊಡಗಿದಳು. ಸಿಟ್ಟಿನಿಂದ ನಮ್ಮ ಕೌದಿಯನ್ನು ಎತ್ತಿ ಕೊಡವಿದಳು. ಕೌದಿಯ ಒಳಪದರಿನ ಹೊಲಿಗೆ ಬಿಚ್ಚಿದ್ದ ಕಡೆಯಿಂದ ಕಟಕ್ ಕಟಕ್ ಎಂದು ಏನೋ ಉದುರಿತು.

ಒಣಗಿದ ಜೋಳದ ರೊಟ್ಟಿಯ ತುಂಡುಗಳು. ಒಂದಲ್ಲ, ಎರಡಲ್ಲ, ಆಯಿಯ ಕಾಲ ಸುತ್ತ ಬಿದ್ದವು. ನಮ್ಮವ್ವ ಒತ್ತಾಯ ಮಾಡಿ ಹಾಕಿದ್ದ ರೊಟ್ಟಿಗಳೆಲ್ಲ ಅಲ್ಲಿದ್ದವು. ಆಯಿ ಮೊದಲು ನನ್ನನ್ನು ನೋಡಿದಳು. ತಿನ್ನುವುದು ಬಿಟ್ಟು ಕೂಡಿಡುವ ಜಾತಿ ನನ್ನದಲ್ಲ ಎಂದು ಅವಳಿಗೂ ಗೊತ್ತಿತ್ತು. ಆಮೇಲೆ ಶಾಂತತ್ತಿಯನ್ನು ನೋಡಿದಳು.

"ಏನವ್ವ ಇದು?"

ಅತ್ತಿ ತಲೆ ಎತ್ತಲಿಲ್ಲ. "ಅಲ್ಲಿಗೆ ಒಯ್ಯಾಕ, ಯವ್ವಾ" ಎಂದಳು. ಬುತ್ತಿ ಕಟ್ಟಿ ಕೊಡುತ್ತೇವಲ್ಲ ಎಂದು ಆಯಿ ಕೇಳಿದರೆ, ಬುತ್ತಿಯೆಲ್ಲ ಅತ್ತೆಯ ಖೋಲಿಗೆ ಹೋಗುತ್ತದೆ ಎಂದಳು. "ರೊಟ್ಟಿ ಇಡೂ ಖೋಲಿಗೆ ಕೀಲಿ ಐತಿ. ದಿನಾ ಅತ್ತಿಯವ್ರು ಉಂಡ ಮ್ಯಾಲೆ ಒಂದು ಕೊಡ್ತಾರ. ಮರೆತ್ರ ಅದೂ ಇಲ್ಲ."

ಆ ಮನೆಯಲ್ಲಿ ಜೋಳಕ್ಕೆ ಬರವಿರಲಿಲ್ಲ. ನೆಲದೊಳಗಿನ ಹಗೇವು ಕಾಳಿನಿಂದ ತುಂಬಿದ ಮನೆ ಎಂದೇ ನೋಡಿ ಕೊಟ್ಟಿದ್ದರು. ಹೊಳೆ ಏರಿದಾಗಲೆಲ್ಲ ಅತ್ತಿ ಯಾಕೆ ಕುಣಿಯುತ್ತಿದ್ದಳೆಂದು ನನಗೆ ಆಗ ತಿಳಿಯಿತು, ಕೈಯಲ್ಲಿದ್ದ ಉಂಡಿಯನ್ನು ತಿರುಗಿ ಡಬ್ಬಿಗೆ ಹಾಕಿದೆ. ಆಯಿ ಅಳಲಿಲ್ಲ, ಬಯ್ಯಲಿಲ್ಲ. ನೆಲಕ್ಕೆ ಕುಳಿತು ಆ ತುಂಡುಗಳನ್ನೆಲ್ಲ ಸೆರಗಿನಲ್ಲಿ ಆಯ್ದುಕೊಂಡಳು. ಅವತ್ತಿನಿಂದ ಅತ್ತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಉಂಡಳು, ಅತ್ತಿ ಸಾಕೆಂದರೂ ಬಿಡಲಿಲ್ಲ. ಮದುವೆಯಾದ ಮಗಳನ್ನು ತವರಲ್ಲಿ ಇಟ್ಟುಕೊಂಡರೆ ಊರು ಏನೆನ್ನುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳೇ. ಊರಿನ ಇಂಥ ನ್ಯಾಯಗಳಲ್ಲಿ ಅವಳೇ ಎಷ್ಟೋ ಸಲ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಹೇಳಿ ಹುಡುಗಿಯರನ್ನು ತಿರುಗಿ ಕಳಿಸಿದ್ದಳು.

ನೀರು ಇಳಿಯಿತು. ಬಸವಣ್ಣ ಕೆಸರು ಮೆತ್ತಿದ ಮುಖ ತೋರಿಸಿದ, ಆಮೇಲೆ ಗಂಗೆದೊಗಲು, ಆಮೇಲೆ ಮೊಣಕಾಲು. ಮತ್ತೆ ಉಡಿ ತುಂಬುವ ದಿನ ಬಂತು. ಈ ಸಲ ಹೆಂಗಸರಷ್ಟೇ ಅಲ್ಲ, ಗಂಡಸರೂ ಬಂದು ನಿಂತರು. ಆಯಿ ಏನು ಹೇಳುತ್ತಾಳೆ ಎಂದು ಕೇಳಬೇಕಿತ್ತಲ್ಲ. ಮಕ್ಕಳಾದ ನಾವು ಬಸವಣ್ಣನ ಬೆನ್ನೇರಿ ಕುಳಿತೆವು. ಎತ್ತರದಿಂದ ನನಗೆ ಇನ್ನೊಂದು ಕಾಣುತ್ತಿತ್ತು. ಆಚೆ ದಂಡೆ ಬಿಟ್ಟ ಹರಗೋಲೊಂದು ಗಿರ್ರನೆ ತಿರುಗುತ್ತಾ ನಮ್ಮ ಕಡೆಗೇ ಬರುತ್ತಿತ್ತು. ಒಳಗೆ ಬಿಳಿ ಪಟಗ ಸುತ್ತಿದ ಮಾವ.

ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಒಳ್ಳೆಯ ಮನುಷ್ಯ, ಆದರೆ ತಾಯಿಯ ಮುಂದೆ ಬಾಯಿ ಬಿಟ್ಟವರಲ್ಲ. ನಮ್ಮ ಆಯಿಯೂ ಅಳಿಯನ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ. ಅವರು ಬಂದರೆ ಇವಳು ಬಾಗಿಲ ಹಿಂದೆ, ಮುಖದ ಮೇಲೆ ಸೆರಗು. ಅಳಿಯಂದಿರು ಚಹಾ ಕುಡಿಯುತ್ತಾರೇನು ಎಂದು ನನ್ನನ್ನು ಕೇಳುತ್ತಿದ್ದಳು, ಕುಡಿಯುತ್ತೇನೆಂದು ಹೇಳು ಎಂದು ಅವರೂ ನನಗೇ ಹೇಳುತ್ತಿದ್ದರು. ಎದುರಿಗೇ ಇರುವ ಇಬ್ಬರ ನಡುವೆ ನಾನೊಂದು ಅಂಚೆಪೆಟ್ಟಿಗೆ.

ಹರಗೋಲು ದಂಡೆಗೆ ಹತ್ತಿತು. ಆಯಿ ಸೆರಗು ಎಳೆದುಕೊಂಡಳು, ಆದರೆ ಸರಿದು ನಿಲ್ಲಲಿಲ್ಲ. ಮೊರವನ್ನು ನೀರಿಗೆ ಹಿಡಿದಳು. ಅಕ್ಕಿ, ಬಳೆ, ಖಣ ಒಂದೊಂದಾಗಿ ಒಪ್ಪಿಸಿದಳು.

"ಹೋಗವ್ವ" ಎಂದಳು ಆಯಿ. "ನಿನ್ನ ಅತ್ತಿಮನಿ ಸಮುದ್ರ. ಅಲ್ಲಿ ನಿನಗ ಉಣ್ಣಾಕ ಏನೂ ಕಡಿಮಿ ಇಲ್ಲ. ನೀ ಹೋಗು."

ಯಾರೋ ಹಿಂದಿನಿಂದ ಸಮಾಧಾನದ ನಿಟ್ಟುಸಿರು ಬಿಟ್ಟರು. ಊರು ಮನೆಯ ಕಡೆ ತಿರುಗುವಷ್ಟರಲ್ಲಿ ಆಯಿ ಹರಗೋಲಿನತ್ತ ತಿರುಗಿದಳು. ನಾನು ಬಸವಣ್ಣನ ಬೆನ್ನಿನಿಂದ ಧಡಕ್ಕನೆ ಇಳಿದೆ, ನನ್ನನ್ನು ಕರೆಯುತ್ತಾಳೆ ಎಂದುಕೊಂಡು. ಕರೆಯಲಿಲ್ಲ.

"ಅಳಿಯಂದ್ರ," ಎಂದು ನೇರವಾಗಿ ಅವರಿಗೇ ಹೇಳಿದಳು. "ಹೊಳಿ ಹೋಗ್ತಾಳ. ನನ್ನ ಮಗಳು ಇರ್ತಾಳ."

ಶಾಂತತ್ತಿ ನನ್ನ ಭುಜ ಹಿಡಿದುಕೊಂಡಳು, ಅವಳ ಉಗುರು ನನಗೆ ನಾಟಿತು. ಮಾವ ಹರಗೋಲಿನಲ್ಲಿ ನಿಂತೇ ಇದ್ದರು. ಮಾವ ಅತ್ತಿಯನ್ನು ನೋಡಿದರು, ತಾವು ಬಿಟ್ಟುಬಂದ ಆಚೆ ದಂಡೆಯನ್ನು ನೋಡಿದರು. ಮದುವೆಯಲ್ಲಿ ಹೊಲಿಸಿದ್ದ ಅಂಗಿ ಅವರ ಮೈಮೇಲೆ ಗಳಕ್ಕೆ ನೇತುಹಾಕಿದಂತೆ ಜೋಲಾಡುತ್ತಿತ್ತು.

"ಅತ್ತೀ," ಎಂದರು ಆಯಿಗೆ, ತಗ್ಗಿದ ದನಿಯಲ್ಲಿ. "ನಾನೂ ಇಳೀಲೇನ್ರಿ? ಆ ಖೋಲಿ ಕೀಲಿ ನನ್ನ ಕೈಯಾಗೂ ಇಲ್ರಿ."

ಆಯಿ ಖಾಲಿ ಮೊರವನ್ನು ನನ್ನ ಕೈಗೆ ಕೊಟ್ಟಳು. ಮುಖದ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ಕೆಸರಿನಲ್ಲಿ ಎರಡು ಹೆಜ್ಜೆ ಇಳಿದು, ಅಳಿಯನತ್ತ ಕೈ ಚಾಚಿದಳು.